ಸಾಫ್ಟ್‌ವೇರ್ ಬಳಸೋರ ಸಮ್ಮೇಳನ ಯಾವ ಊರಲ್ಲಿ ಇಡೋದು?

ಕ್ಯೂಜಿಐಎಸ್ (ಮ್ಯಾಪ್ ಮಾಡೋಕೆ, ಮ್ಯಾಪ್ ಮೇಲೆ ಲೆಕ್ಕ ಹಾಕೋಕೆ ಇರೋ ಸಾಫ್ಟ್‌ವೇರ್) ಬಳಸೋರದ್ದು ಒಂದು ರಾಜ್ಯಮಟ್ಟದ ಸಮ್ಮೇಳನ ಮಾಡೋಣ ಅಂತ ಮಾತು ಎತ್ತಿದ್ ತಕ್ಷಣ ಗುಂಪಲ್ಲಿ ಒಬ್ರು "ನಮ್ ಕಾಲೇಜಲ್ಲಿ ಹಾಲ್ ಫ್ರೀ ಸಿಗುತ್ತೆ" ಅಂತಾರೆ, ಎಲ್ರೂ ಥಂಬ್ಸಪ್ ಹಾಕ್ತಾರೆ, ಜಾಗದ ಚರ್ಚೆ ಅಲ್ಲಿಗೇ ಮುಗೀತು. ನಾವೂ ಒಂದ್ಸಲ ಹಂಗೇ ಮಾಡಿ ಪೇಚಿಗೆ ಸಿಕ್ಕಾಕೊಂಡ್ವಿ, ಆ ಕತೆ ಆಮೇಲೆ.

ಮೊದ್ಲು ಯಾರು ಬರ್ತಾರೆ ಅಂತ ನೋಡಿ. ಕ್ಯೂಜಿಐಎಸ್ ಅಂದ್ರೆ ಬರೀ ಬೆಂಗಳೂರಿನ ಐಟಿ ಜನ ಅಲ್ಲ, ಅರಣ್ಯ ಇಲಾಖೆಯೋರು, ಸರ್ವೆ ಮಾಡೋರು, ಭೂಗೋಳ ಓದೋ ಎಂಎಸ್ಸಿ ಹುಡುಗ್ರು, ಕೆರೆ ಕೆಲಸ ಮಾಡೋ ಎನ್‌ಜಿಓದೋರು, ಇವರೆಲ್ಲ ರಾಯಚೂರಿಂದ ಹಿಡ್ದು ಕಾರವಾರದ ತನಕ ಚೆಲ್ಲಾಪಿಲ್ಲಿ ಇರ್ತಾರೆ. ಒಂದು ಗೂಗಲ್ ಫಾರ್ಮ್ ಮಾಡಿ ಮೂರೇ ಪ್ರಶ್ನೆ ಕೇಳಿ: ಯಾವ ತಾಲೂಕು, ರಾತ್ರಿ ಉಳ್ಕೋತೀರಾ, ಲ್ಯಾಪ್‌ಟಾಪ್ ತರ್ತೀರಾ. ಉತ್ತರ ಬಂದ್ಮೇಲೆ ತಾಲೂಕುಗಳಿಗೆ ಅಕ್ಷಾಂಶ ರೇಖಾಂಶ ಸೇರ್ಸಿ ಕ್ಯೂಜಿಐಎಸ್‌ಗೇ ಹಾಕಿ, ವೆಕ್ಟರ್ ಮೆನುನಲ್ಲಿ ಅನಾಲಿಸಿಸ್ ಟೂಲ್ಸ್ ಒಳಗೆ ಮೀನ್ ಕೋಆರ್ಡಿನೇಟ್ಸ್ ಅಂತ ಇದೆ, ತಾಲೂಕಿಂದ ಎಷ್ಟು ಜನ ಅನ್ನೋದನ್ನ ವೆಯ್ಟ್ ಆಗಿ ಕೊಟ್ರೆ ನಡುವಿನ ಚುಕ್ಕೆ ಸಿಗುತ್ತೆ. ಚುಕ್ಕೆ ಹೋಗಿ ವಾಣಿವಿಲಾಸ ಸಾಗರದ ನೀರಲ್ಲಿ ಬಿದ್ರೂ ಬೇಜಾರಾಗ್ಬೇಡಿ, ನಮಗೆ ಬೇಕಾಗಿರೋದು ಸುಮಾರು ಎಲ್ಲಿ ಅನ್ನೋದಷ್ಟೆ. ಆದ್ರೆ ಮ್ಯಾಪಲ್ಲಿ ಹತ್ರ ಇರೋದೆಲ್ಲ ಬಸ್ಸಲ್ಲಿ ಹತ್ರ ಅಲ್ಲ, ಕರಾವಳಿಯೋರು ಘಾಟಿ ಹತ್ತಿ ಬರ್ಬೇಕು, ಮಳೆಗಾಲದಲ್ಲಿ ಶಿರಾಡಿ ಕಡೆ ಗುಡ್ಡ ಕುಸಿದ್ರೆ ಆ ಲೆಕ್ಕ ಎಲ್ಲ ಉಲ್ಟಾ.

ನನ್ ಓಟು ದಾವಣಗೆರೆಗೆ. ಬೆಂಗಳೂರು ಹುಬ್ಬಳ್ಳಿ ರೈಲು ದಾರಿ, ರಾಷ್ಟ್ರೀಯ ಹೆದ್ದಾರಿ 48, ಎರಡೂ ಊರಿಗೇ ಬರುತ್ತೆ, ಬೆಂಗಳೂರಿಂದ 260 ಕಿಲೋಮೀಟರ್ ಚಿಲ್ರೆ. ಬೆಣ್ಣೆ ದೋಸೆ ಬೋನಸ್ಸು. ವಿಮಾನ ನಿಲ್ದಾಣ ಇಲ್ಲ, ಅದೊಂದು ಕೊರತೆ, ಹೊರರಾಜ್ಯದಿಂದ ಜಾಸ್ತಿ ಜನ ಬರೋದಾದ್ರೆ ಹುಬ್ಬಳ್ಳಿನೋ ಬೆಂಗಳೂರೋ ನೋಡ್ಬೇಕಾಗುತ್ತೆ. 2018ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನೋರ (ಜನರೇ ಸೇರಿ ಮಾಡೋ ಫ್ರೀ ಮ್ಯಾಪ್ ಅದು) ಸ್ಟೇಟ್ ಆಫ್ ದಿ ಮ್ಯಾಪ್ ಏಷ್ಯಾ ಸಮ್ಮೇಳನ ಬೆಂಗಳೂರಿನ ಐಐಎಂನಲ್ಲಿ ಆಗಿತ್ತು, ಬೇರೆ ದೇಶದೋರು ಬರೋ ಕಾರ್ಯಕ್ರಮಕ್ಕೆ ಅದು ಸರಿನೇ. ಆದ್ರೆ ಬೀದರಿನ ಸರ್ವೆಯರ್‌ನ ಹೋಗ್ತಾ ಬರ್ತಾ ಎರಡು ರಾತ್ರಿ ರೈಲಲ್ಲಿ ಕೂರಿಸಿ ಕರೆಸ್ಕೊಂಡು ಅದನ್ನ ರಾಜ್ಯಮಟ್ಟದ್ದು ಅಂದ್ರೆ ಹೆಂಗೆ ಸ್ವಾಮಿ? ಮತ್ತೆ ರಾಜ್ಯದೊಳಗಿನ ಊರೇ ಆದ್ರೆ ಶಕ್ತಿ ಯೋಜನೆಯಿಂದ ಹೆಣ್ಮಕ್ಳಿಗೆ ಸಾಮಾನ್ಯ ಸರ್ಕಾರಿ ಬಸ್ ಫ್ರೀ, ಸ್ಟೂಡೆಂಟ್ಸ್ ಸಂಖ್ಯೆಲಿ ಅದು ಎದ್ದು ಕಾಣುತ್ತೆ.

ದಿನಾಂಕದ್ದು ಬೇರೆ ಕತೆ ಅನ್ಕೋಬೇಡಿ, ಜಾಗದ ರೇಟು ಅದ್ರ ಮೇಲೇ ನಿಂತಿದೆ. ಮುಹೂರ್ತ ಇರೋ ವಾರ ಕಲ್ಯಾಣ ಮಂಟಪ ಕೇಳೋಕೇ ಹೋಗ್ಬೇಡಿ. ಆಷಾಢದಲ್ಲಿ ಅದೇ ಮಂಟಪ ಖಾಲಿ ಹೊಡೀತಿರುತ್ತೆ, ಓನರ್ರು ತಾವೇ ರೇಟ್ ಇಳಿಸಿ ಮಾತಾಡ್ತಾರೆ. ಧನುರ್ಮಾಸದಲ್ಲೂ ಹಂಗೇ, ಹವಾನೂ ಚೆನ್ನಾಗಿರುತ್ತೆ, ಆದ್ರೆ ಆಗ ಶಬರಿಮಲೆ, ಕ್ರಿಸ್‌ಮಸ್ ರಜ ಎಲ್ಲ ಸೇರಿ ರೈಲಲ್ಲಿ ಟಿಕೆಟ್ ಸಿಗಲ್ಲ. ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯೋದು, ಅಷ್ಟರೊಳಗೆ ಊರು ದಿನಾಂಕ ಎರಡೂ ಹೇಳಿಬಿಟ್ಟಿರ್ಬೇಕು. ಸರ್ಕಾರಿ ನೌಕರರಿಗೆ ಎರಡನೇ ಇಲ್ಲಾ ನಾಲ್ಕನೇ ಶನಿವಾರ ಹಿಡೀರಿ, ರಜ ಇರುತ್ತೆ, ಓಓಡಿಗೆ (ಡ್ಯೂಟಿ ಮೇಲೇ ಹೊರಗೆ ಹೋಗೋ ಅನುಮತಿಗೆ) ಅಂತ ಮೇಲಧಿಕಾರಿ ಹಿಂದೆ ಅಲೆಯೋದು ತಪ್ಪುತ್ತೆ.

ಈಗ ಹಾಲ್ ವಿಷಯ. ನಮ್ ಫ್ರೀ ಕಾಲೇಜಲ್ಲಿ ಏನಾಯ್ತು ಅಂದ್ರೆ ಕುರ್ಚಿ ಎಲ್ಲ ನೆಲಕ್ಕೆ ಬೋಲ್ಟ್ ಹಾಕಿದ್ದು, ಪ್ಲಗ್ ಪಾಯಿಂಟ್ ಗೋಡೆಲಿ ಮಾತ್ರ, ಇಂಟರ್ನೆಟ್ ಪ್ರಾಕ್ಸಿ (ಕಾಲೇಜಿನ ಪಾಸ್‌ವರ್ಡ್ ತಡೆ) ಒಳಗಿಂದ ಬರೋದ್ರಿಂದ ಪ್ಲಗಿನ್ (ಕ್ಯೂಜಿಐಎಸ್‌ಗೆ ಸೇರಿಸ್ಕೊಳ್ಳೋ ಹೆಚ್ಚುವರಿ ಟೂಲ್) ಒಂದೂ ಡೌನ್‌ಲೋಡ್ ಆಗ್ಲಿಲ್ಲ, ಹಿಂದೆ ಕಾಣೋ ಬೇಸ್‌ಮ್ಯಾಪೇ ಬರ್ಲಿಲ್ಲ, ಅದನ್ನ ಓಪನ್ ಮಾಡಿಸೋಕೆ ಅಂತ ಹೋದ್ರೆ ಪಾಸ್‌ವರ್ಡ್ ಗೊತ್ತಿರೋ ಮೇಷ್ಟ್ರು ಭಾನುವಾರ ಅಂತ ಊರಿಗೆ ಹೋಗಿದ್ರು. ಬೆಳಗ್ಗೆ ಸೆಷನ್ ಪೂರ್ತಿ ಸ್ಲೈಡ್ ನೋಡಿದ್ದೇ ಬಂತು. ಅದ್ಕೇ ಹಾಲ್ ನೋಡೋಕೆ ಬರಿಗೈಲಿ ಹೋಗ್ಬೇಡಿ, ಲ್ಯಾಪ್‌ಟಾಪ್ ತಗೊಂಡು ಹೋಗಿ ಅಲ್ಲೇ ಕೂತು ಒಂದು ಪ್ಲಗಿನ್ ಹಾಕಿ ನೋಡಿ. ಎಷ್ಟೇ ಒಳ್ಳೆ ವೈಫೈ ಇದ್ರೂ ಇನ್‌ಸ್ಟಾಲರ್ ಮತ್ತೆ ಪ್ರಾಕ್ಟೀಸ್ ಡೇಟಾ ಹತ್ತು ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ, ಅರವತ್ತು ಜನ ಒಟ್ಗೆ ಡೌನ್‌ಲೋಡ್ ಒತ್ತಿದ್ರೆ ಯಾವ ಲೈನೂ ತಡ್ಕೊಳಲ್ಲ.

ಕರೆಂಟ್ ಲೆಕ್ಕ ಸುಲಭ. ಒಂದ್ ಲ್ಯಾಪ್‌ಟಾಪ್ ಚಾರ್ಜರ್‌ಗೆ 65 ವ್ಯಾಟ್ ಅಂತ ಇಟ್ಕೊಂಡ್ರೆ 120ಕ್ಕೆ ಹತ್ತತ್ರ 8 ಕಿಲೋವ್ಯಾಟ್, ಇದನ್ನ ಒಂದೇ 16 ಆಂಪ್ ಲೈನಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಮೇಲೆ ಬಾಕ್ಸ್ ಹಾಕಿ ಎಳೆದ್ರೆ ಟ್ರಿಪ್ ಆಗೋದು ಗ್ಯಾರಂಟಿ. ಅಲ್ಲಿಯ ಎಲೆಕ್ಟ್ರಿಷಿಯನ್‌ನೇ ಹಿಡಿದು ಮಾತಾಡಿ, ಮ್ಯಾನೇಜರ್ "ಎಲ್ಲಾ ಆಗುತ್ತೆ ಸಾರ್" ಅಂತಲೇ ಹೇಳೋದು. ಕಲ್ಯಾಣ ಮಂಟಪದಲ್ಲಿ ಊಟದ ಹಾಲ್, ರೂಮು, ಅಡುಗೆ ಮನೆ ಎಲ್ಲ ಒಂದೇ ಕಡೆ ಸಿಗುತ್ತೆ, ಅದು ದೊಡ್ಡ ಅನುಕೂಲ. ತೊಂದ್ರೆ ಏನು ಅಂದ್ರೆ ಅದು ಮದುವೆಗೆ ಕಟ್ಟಿದ್ದು, ವಾಲಗ ಚೆನ್ನಾಗಿ ಕೇಳ್ಸುತ್ತೆ, ಮಾತು ಗೊಯ್ ಅನ್ನುತ್ತೆ, ಕಿಟಕಿ ಬೆಳಕಲ್ಲಿ ಪ್ರೊಜೆಕ್ಟರ್ ಕಾಣಲ್ಲ. ಮೈಕ್‌ನೋರನ್ನ ಕರ್ಕೊಂಡು ಹೋಗಿ ಒಂದ್ಸಲ ಪರೀಕ್ಷೆ ಮಾಡಿ, ಪರದೆ ಬಾಡಿಗೆಗೆ ತನ್ನಿ. ಗಾಲಿಕುರ್ಚಿ ಹೋಗೋಕೆ ರ‍್ಯಾಂಪ್ ಇದ್ಯಾ, ಹೆಂಗಸರ ಟಾಯ್ಲೆಟ್ ಅದೇ ಮಹಡಿಲಿ ಇದ್ಯಾ ಅನ್ನೋದನ್ನ ನಿಮ್ಮ ಟೀಮಿನ ಹೆಣ್ಮಗಳೊಬ್ಬಳು ನೋಡ್ಕೊಂಡು ಬರ್ಲಿ, ನಾವು ಗಂಡಸ್ರು ಬಾಗ್ಲು ನೋಡಿ ಬಂದ್ಬಿಡ್ತೀವಿ.

ರೇಟ್ ಕೇಳುವಾಗ ಹಾಲ್ ಬಾಡಿಗೆ ಒಂದೇ ಕೇಳ್ಬೇಡಿ, ಮೀಟರ್ ಪ್ರಕಾರ ಕರೆಂಟು, ಜನರೇಟರ್ ಡೀಸೆಲ್ಲು, ಕ್ಲೀನಿಂಗು, ಪಾತ್ರೆ, ಮೇಲೆ 18% ಜಿಎಸ್‌ಟಿ, ಎಲ್ಲ ಸೇರ್ಸಿ ಒಂದೇ ಹಾಳೇಲಿ ಬರೆಸ್ಕೊಳ್ಳಿ. ಕ್ಯಾನ್ಸಲ್ ಆದ್ರೆ ಅಡ್ವಾನ್ಸಲ್ಲಿ ಎಷ್ಟು ವಾಪಸ್ ಅನ್ನೋದೂ ಅದ್ರಲ್ಲೇ ಇರ್ಲಿ. ಎಲೆಕ್ಷನ್ ಹತ್ರ ಇದ್ರಂತೂ ಕಾಲೇಜು ಕಡೆ ಹೋಗ್ಲೇಬೇಡಿ, ಘೋಷಣೆ ಆದ್ಮೇಲೆ ಕಟ್ಟಡ ಮಸ್ಟರಿಂಗ್‌ಗೆ (ಚುನಾವಣಾ ಸಿಬ್ಬಂದಿ, ಸಾಮಾನು ಒಂದ್ಕಡೆ ಸೇರ್ಸೋಕೆ) ಹೋಗುತ್ತೆ, ನಿಮ್ ಸರ್ವೆಯರ್‌ಗಳೂ ಡ್ಯೂಟಿ ಮೇಲೆ ಅಲ್ಲೇ ಇರ್ತಾರೆ.