ಹಾರ್ಡ್‌ಟೇಲಾ, ಫುಲ್ ಸಸ್ಪೆನ್ಷನ್ನಾ?

ಎಂಟಿಬಿ, ಅಂದ್ರೆ ಮೌಂಟನ್ ಬೈಕ್ ತಗೋಬೇಕು ಅಂತಿರೋರಿಗೆ ಹೇಳ್ತಿದೀನಿ, ಬೆಂಗಳೂರಿನ ತುರಹಳ್ಳಿ ಕಾಡಿನ ಥರ ಟ್ರೇಲ್‌ಗೆ ಮೊದಲ ಸೈಕಲ್ ಹಾರ್ಡ್‌ಟೇಲೇ ಇರ್ಲಿ, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋದು. ಅದೇ ದುಡ್ಡಿಗೆ ಒಳ್ಳೆ ಫೋರ್ಕು (ಮುಂದಿನ ಸಸ್ಪೆನ್ಷನ್), ಹೈಡ್ರಾಲಿಕ್ ಬ್ರೇಕು ಸಿಗುತ್ತೆ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರೋ ಫುಲ್ ಸಸ್ಪೆನ್ಷನ್‌ನಲ್ಲಿ ತೀರಾ ಅಗ್ಗದ್ದು ಮಾತ್ರ ಬೇಡ್ವೇ ಬೇಡ, ಹಿಂದೆ ಇರೋದು ಬರೀ ಸ್ಪ್ರಿಂಗು, ಆ ಸ್ಪ್ರಿಂಗ್ ಕುಣಿತ ತಡೆಯೋ ಸರಿಯಾದ ಡ್ಯಾಂಪಿಂಗ್ ಇರಲ್ಲ, ಏರು ಹತ್ತೋವಾಗ ತುಳಿದಾಗೆಲ್ಲ ಮೇಲೆ ಕೆಳಗೆ ಕುಣಿಯುತ್ತೆ, ತೂಕ ಬೇರೆ. ಹೌದು, ವಾರವಾರ ಬಂಡೆ, ಬೇರು ಇರೋ ಇಳಿಜಾರಲ್ಲಿ ಸ್ಪೀಡಾಗಿ ಇಳಿಯೋರಿಗೆ ಹಿಂದಿನ ಶಾಕ್ ನಿಜವಾಗ್ಲೂ ಬೇಕು, ಚಕ್ರ ನೆಲಕ್ಕೆ ಅಂಟ್ಕೊಂಡಿರುತ್ತೆ, ಸೊಂಟನೂ ಉಳಿಯುತ್ತೆ, ಆದ್ರೆ ಮಳೆಗಾಲದ ಕೆಸರಿಗೆ ಫ್ರೇಮಿನ ಹಿಂಭಾಗ ಅಲುಗೋ ಕೀಲಲ್ಲಿರೋ ಪಿವಟ್ ಬೇರಿಂಗ್ ಬೇಗ ಸವೆಯುತ್ತೆ, ಶಾಕ್ ಸರ್ವೀಸ್ ಖರ್ಚೂ ಸೇರಿಸ್ಕೊಂಡೇ ಲೆಕ್ಕ ಹಾಕಿ. ಹಾರ್ಡ್‌ಟೇಲ್ ತಗೊಂಡ್ರೆ 2.4 ಇಂಚಿನ ಟ್ಯೂಬ್‌ಲೆಸ್ ಟೈರ್ ಹಾಕಿ ಗಾಳಿ ಸ್ವಲ್ಪ ಕಮ್ಮಿ ಇಡಿ, ಕುಲುಕಾಟ ಎಷ್ಟೋ ಇಳಿಯುತ್ತೆ, ಫ್ರೇಮಲ್ಲಿ ಅಷ್ಟು ಜಾಗ ಇದ್ಯಾ ಅಂತ ಮೊದಲೇ ನೋಡ್ಕೊಳಿ.