ಊಟದ ಹೊತ್ತಿನ ಟಿವಿ ಬಿಡಿಸೋಕೆ

ಟಿವಿ ಹಾಕಿದ್ರೆ ಮಗು ಬೇಗ ಬಾಯಿ ತೆರೆಯುತ್ತೆ, ನಿಜ. ಆದ್ರೆ ಗಮನವೆಲ್ಲ ಪರದೆ ಮೇಲಿದ್ದಾಗ ಹೊಟ್ಟೆ ತುಂಬಿದ್ದು ಅದಕ್ಕೆ ಸರಿಯಾಗಿ ಗೊತ್ತಾಗಲ್ಲ. ಕೆಲವು ಮಕ್ಕಳು ಜಾಸ್ತಿ ತಿಂತಾರೆ, ಕೆಲವರು ತುತ್ತನ್ನ ಕೆನ್ನೆಯಲ್ಲೇ ಇಟ್ಕೊಂಡು ಕೂರ್ತಾರೆ.

ಮೂರು ಹೊತ್ತೂ ಒಟ್ಟಿಗೆ ನಿಲ್ಲಿಸೋಕೆ ಹೋಗಬೇಡಿ. ಮೊದಲ ವಾರ ಬೆಳಗಿನ ತಿಂಡಿಗೆ ಮಾತ್ರ. ರಿಮೋಟ್ ಕಣ್ಣಿಗೆ ಬೀಳದ ಕಡೆ ಇಡಿ, ಟಿವಿಗೆ ಬೆನ್ನು ಮಾಡಿ ಕೂರಿಸಿ, ದೋಸೆ ಚೂರು ಮಾಡಿ ಅದರ ಕೈಗೇ ಕೊಡಿ. ಚೆಲ್ಲುತ್ತೆ, ಚೆಲ್ಲಲಿ. 30 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ‘ಏನೂ ತಿಂದಿಲ್ಲವಲ್ಲ’ ಅಂತ ಹತ್ತು ನಿಮಿಷಕ್ಕೆ ಬಿಸ್ಕತ್ತು ಕೊಟ್ರೆ ಮರುದಿನ ಹಟ ಇನ್ನೂ ಜೋರು.

ಬಹಳ ಮನೆಗಳಲ್ಲಿ ಕೆಡೋದು ರಾತ್ರಿ, ದೊಡ್ಡವರ ಧಾರಾವಾಹಿಯಿಂದ. ಮಗುವಿನ ಊಟ 7ಕ್ಕೇ ಮುಗಿಸಿ. ಯಾರೂ ನೋಡದಿದ್ರೂ ಓಡ್ತಾ ಇರೋ ಟಿವಿ ಆರಿಸಿ; ಆ ಸದ್ದಲ್ಲಿ ಮಗುವಿನ ಜೊತೆ ನಮ್ಮ ಮಾತೇ ಕಡಿಮೆಯಾಗುತ್ತೆ.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಲೆಕ್ಕ: 2 ವರ್ಷದೊಳಗೆ ಪರದೆ ಬೇಡ (ನೆಂಟರ ಜೊತೆ ಅಪರೂಪದ ವಿಡಿಯೋ ಕರೆ ಬಿಟ್ಟು), 2ರಿಂದ 5ಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ.