ಗಿಡ್ಡ ದನಕ್ಕೆ ಒಗ್ಗುವ ಟ್ರೆವಿಸ್: ನಾನು ಮಾಡಿಕೊಂಡ ಬಗೆ

ಮಲೆನಾಡು ಗಿಡ್ಡ ಸಾಕಿದವರಿಗೆ ಅದರ ಸ್ವಭಾವ ಗೊತ್ತೇ ಇದೆ. ಎತ್ತರ ಮೂರಡಿ ಆಸುಪಾಸು, ಅಷ್ಟೇ. ಆದರೆ ದಿನವಿಡೀ ಕಾಡು, ಬ್ಯಾಣ (ಹುಲ್ಲುಗಾವಲು) ಸುತ್ತಿ ಸಂಜೆ ತಾನಾಗಿ ಕೊಟ್ಟಿಗೆಗೆ ಬರುವ ದನ ಅದು. ಮನೆಯವರ ಕೈಗೆ ಸಾಧು, ಹೊಸಬರು ಹತ್ತಿರ ಬಂದರೆ ಹಾರಿಬಿಡುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗಬೇಕು. ಕಿವಿಗೆ 12 ಅಂಕಿಯ ಗುರುತಿನ ಓಲೆ ಹಾಕಿಸಬೇಕು. ಪ್ರತಿ ಸಲವೂ ಒಬ್ಬರು ಕೊಂಬು, ಒಬ್ಬರು ಮೂಗು, ಇನ್ನೊಬ್ಬರು ಬಾಲ ಹಿಡಿದು ಒದ್ದಾಡುತ್ತಿದ್ದೆವು. ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕಿ ನಮ್ಮ ಭಾವನ ಹೆಬ್ಬೆರಳು ಮುರಿದ ಮೇಲೆ, ಇದಕ್ಕೊಂದು ದಾರಿ ಹುಡುಕಲೇಬೇಕು ಅನ್ನಿಸಿತು. ಆ ದಾರಿಯೇ ಟ್ರೆವಿಸ್, ಅಂದರೆ ದನವನ್ನು ಒಳಗೆ ನಿಲ್ಲಿಸಿ ಅಲ್ಲಾಡದಂತೆ ಹಿಡಿಯುವ ಪೈಪಿನ ಚೌಕಟ್ಟು.

ಶಿವಮೊಗ್ಗ ಜಿಲ್ಲೆಯವರಿಗೆ ಇನ್ನೊಂದು ಕಾರಣವೂ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹರಡುವುದು ಉಣುಗಿನಿಂದ. ದನ ಆ ಕಾಯಿಲೆಯಿಂದ ಮಲಗುವುದಿಲ್ಲ. ಆದರೆ ಕಾಡಿನ ಉಣುಗನ್ನು ಮೈಮೇಲೆ ಹೊತ್ತು ಮನೆ ತನಕ ತರುತ್ತದೆ. ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಹುಡುಕಿ ಔಷಧಿ ಹಚ್ಚಬೇಕಾದರೆ ದನ ಎರಡು ನಿಮಿಷವಾದರೂ ನಿಲ್ಲಬೇಕಲ್ವಾ?

ಪಶು ಆಸ್ಪತ್ರೆಯ ಅಂಗಳದಲ್ಲಿ ಕಬ್ಬಿಣದ ಟ್ರೆವಿಸ್ ನೋಡಿರುತ್ತೀರಿ. ಅದು ಜರ್ಸಿ, ಎಚ್.ಎಫ್.ನಂಥ ದೊಡ್ಡ ಸೀಮೆ ಹಸುಗಳ ಅಳತೆಯದು. ಗಿಡ್ಡ ಅದರೊಳಗೆ ಸಲೀಸಾಗಿ ತಿರುಗಿ ನಿಂತುಬಿಡುತ್ತದೆ. ಹಾಗಾಗಿ ನಾನು ಒಂದು ಪಕ್ಕವನ್ನು ಗಟ್ಟಿಯಾಗಿ ಹುಗಿಸಿದೆ, ಇನ್ನೊಂದು ಪಕ್ಕ ಸರಿಯುವ ಹಾಗೆ ಮಾಡಿಸಿದೆ. ಪೈಪಿಗೆ ತೂತು ಕೊರೆದು ಪಿನ್ ಹಾಕಿದರೆ ಒಳಗಿನ ಅಗಲ ಒಂದೂವರೆ ಅಡಿಯಿಂದ ಎರಡೂಕಾಲು ಅಡಿ ತನಕ ಬೇಕಾದ ಹಾಗೆ ನಿಲ್ಲುತ್ತದೆ. ಅಡಿಕೆ ಮರ ಸೀಳಿದ ದಬ್ಬೆ ಮನೆಯಲ್ಲೇ ಸಿಗುತ್ತದೆ ನಿಜ, ಆದರೆ ಈ ಕೆಲಸಕ್ಕೆ ಬೇಡ. ಮಳೆಗೆ ಕುಂಬಾಗುತ್ತದೆ, ಸಿಬಿರು ಎದ್ದು ಮೈಗೆ ಚುಚ್ಚುತ್ತದೆ.

ನಾನು ತುಂಬಾ ತಲೆ ಕೆಡಿಸಿಕೊಂಡಿದ್ದು ಕುತ್ತಿಗೆಯ ಜಾಗಕ್ಕೆ. ಅಲ್ಲಿ ಎರಡು ನೇರ ಪೈಪು. ಒಂದು ಅಲ್ಲಾಡುವುದಿಲ್ಲ. ಇನ್ನೊಂದರ ಬುಡಕ್ಕೆ ಬೋಲ್ಟು, ಮೇಲಿನ ತುದಿ ಪಕ್ಕಕ್ಕೆ ವಾಲುತ್ತದೆ. ದನ ತಲೆ ಹಾಕಿದ ಮೇಲೆ ವಾಲಿದ ಪೈಪನ್ನು ನೆಟ್ಟಗೆ ಮಾಡಿದರೆ ಮೇಲಿನ ಕೊಕ್ಕೆ ಬೀಳುತ್ತದೆ. ಕುತ್ತಿಗೆ ಆರಾಮಾಗಿ ಆಡುತ್ತದೆ, ತಲೆ ಹಿಂದಕ್ಕೆ ಬರುವುದಿಲ್ಲ. ಪೈಪು ನೇರವೇ ಇರಬೇಕು. ದನ ಗಾಬರಿಯಾಗಿ ಮಂಡಿಯೂರಿದರೂ ಕುತ್ತಿಗೆ ಸಂದಿಯಲ್ಲೇ ಕೆಳಗೆ ಜಾರುತ್ತದೆ. ಅಡ್ಡಪಟ್ಟಿ ಇದ್ದರೆ ಗಂಟಲು ಒತ್ತಿ ಉಸಿರು ಕಟ್ಟುತ್ತದೆ.

ಇನ್ನು ಬಿಡಿಸುವುದು. ನನಗೆ ಹಿಡಿಯುವುದಕ್ಕಿಂತ ಇದೇ ಮುಖ್ಯ. ದನ ಜಗ್ಗುತ್ತಿರುವಾಗ ಸಾಮಾನ್ಯ ಚಿಲಕ ಬಿಗಿದುಕೊಳ್ಳುತ್ತದೆ, ಬೇಕಾದ ಹೊತ್ತಿಗೆ ಬಿಡುವುದಿಲ್ಲ. ಅದಕ್ಕೆ ಒಂದಡಿ ಉದ್ದದ ಹಿಡಿಕೆ ಇರುವ, ಮೇಲಕ್ಕೆ ಎತ್ತುವ ಕೊಕ್ಕೆ ಮಾಡಿಸಿದೆ. ಹಿಡಿಕೆಗೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು ಹಿಂಬದಿ ತನಕ ಹೋಗುತ್ತದೆ. ಎಲ್ಲಿ ನಿಂತವರೂ ಎಳೆಯಬಹುದು. ಇಬ್ಬರು ಪೈಪಿಗೆ ಮೈಭಾರ ಹಾಕಿ ಒತ್ತಿ ಹಿಡಿದಾಗಲೂ ನಮ್ಮ ಅಮ್ಮ ಒಂದೇ ಕೈಯಲ್ಲಿ ಎಳೆದು ಬಿಡಿಸಬೇಕು, ಅದು ನಾನಿಟ್ಟ ಪರೀಕ್ಷೆ. ಅದರಲ್ಲಿ ಪಾಸಾಗದೆ ಒಂದು ಕರುವನ್ನೂ ಒಳಗೆ ಬಿಡಲಿಲ್ಲ.

ಹಿಂದುಗಡೆ ತೊಡೆಯ ಮಟ್ಟಕ್ಕೆ ಒಂದು ಅಡ್ಡಪೈಪು. ದನ ಹಿಂದೆ ಸರಿಯುವುದಿಲ್ಲ, ಒದೆಯೂ ಬಹಳ ತಪ್ಪುತ್ತದೆ. ಆದರೂ ಪಕ್ಕದ ಪೈಪುಗಳ ನಡುವೆ ಕೈ ತೂರಿಸಲೇಬಾರದು. ಕೆಚ್ಚಲಿಗಾಗಿ ಕೆಳಗೊಂದು ಸಣ್ಣ ಬಾಗಿಲು ಇಟ್ಟಿದ್ದೇನೆ.

ಕಬ್ಬಿಣದ ಖಣಖಣ ಸದ್ದಿಗೇ ದನ ಬೆಚ್ಚುತ್ತದೆ. ಪೈಪು ತಾಗುವಲ್ಲೆಲ್ಲ ಹಳೇ ಸೈಕಲ್ ಟ್ಯೂಬ್ ಸುತ್ತಿದೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನದ ಕಣ್ಣಿನ ಮಟ್ಟದಿಂದ ದಾರಿ ನೋಡಿ ಎಂದು ಜಗತ್ತಿಗೇ ಹೇಳಿಕೊಟ್ಟವರು. ನಾನೂ ಬಗ್ಗಿ ಕೂತು ನೋಡಿದೆ. ಬಾಗಿಲ ಎದುರಿನ ಹೊಂಡದ ನೀರು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಮಣ್ಣು ತುಂಬಿಸಿದ ಮೇಲೆ ನಮ್ಮ ಕಪ್ಪು ಹಸು ಅಲ್ಲಿ ಬೆದರಿ ನಿಲ್ಲುವುದನ್ನು ಬಿಟ್ಟಿತು. ನೆಲ ಸಿಮೆಂಟಾದರೆ ಹಸಿ ಇರುವಾಗಲೇ ಗೀರು ಹಾಕಿಸಿ. ನಮ್ಮ ಮಳೆಗೆ ಪಾಚಿ ಕಟ್ಟಿ ಕಾಲು ಜಾರುತ್ತದೆ.

ತಯಾರಾದ ಮೇಲೆ ಯಾವ ದನವನ್ನೂ ದೂಡಲಿಲ್ಲ. ಎರಡೂ ಕಡೆ ತೆರೆದಿಟ್ಟು ಮುಂದೆ ಹಿಂಡಿ ಇಟ್ಟೆವು. ತಿಂದು ಹೊರಗೆ ಹೋಗಿ ಅಭ್ಯಾಸವಾಯಿತು. ಹೋಗದೆ ನಿಂತರೆ ಅದರ ಭುಜಕ್ಕಿಂತ ಸ್ವಲ್ಪ ಹಿಂದೆ ನಿಂತು ಒಂದು ಹೆಜ್ಜೆ ಹತ್ತಿರ ಹೋಗಿ, ಮುಂದೆ ನಡೆಯುತ್ತದೆ. ಭುಜಕ್ಕಿಂತ ಮುಂದೆ ನಿಂತರೆ ಹಿಂದಕ್ಕೆ ಸರಿಯುತ್ತದೆ. ಕೋಲು ಬೇಡವೇ ಬೇಡ.

ಲಸಿಕೆ ಹಾಕಲು ಬಂದ ಡಾಕ್ಟ್ರು "ಹಗ್ಗ ಎಲ್ಲಿ ಗೌಡ್ರೇ?" ಅಂದರು. ಹಗ್ಗ ಇಲ್ಲದೆಯೇ ಒಂದೊಂದಾಗಿ ಎಲ್ಲವೂ ಆಯಿತು. ಹೋಗುವಾಗ ಅಳತೆ ಬರೆದುಕೊಂಡರು. ನೀವೂ ಮಾಡಿಸುವುದಾದರೆ ನಿಮ್ಮ ಹಸುವಿನ ಹೊಟ್ಟೆಯ ಅಗಲ ಅಳೆದುಕೊಂಡೇ ವೆಲ್ಡಿಂಗ್ ಅಂಗಡಿಗೆ ಹೋಗಿ, ಗಬ್ಬದ ಹಸುವಿಗೆ ಜಾಸ್ತಿ ಜಾಗ ಬಿಡಿ. ಮಳೆ ಹಿಡಿಯುವ ಮುಂಚೆ ಕೊಕ್ಕೆಗೂ ಬುಡದ ಬೋಲ್ಟಿಗೂ ಗ್ರೀಸ್ ಹಚ್ಚಿ, ಹಗ್ಗ ಎಳೆದು ನೋಡಿ.